ಆ ವೇಷ ಇನ್ನೊಬ್ಬರು ಕಟ್ಟಿದ್ದರೆ?

ಶಿಕಾರಿಪುರ, ಸೊರಬ ಸೀಮೆಯ ಕಾಡಂಚಿನಲ್ಲಿರುವ ಬಂದಳಿಕೆಗೆ ಹೋದವರು ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಶಾಂತಿನಾಥ ಬಸದಿ ಇಷ್ಟನ್ನು ನೋಡಿ ಹಿಂತಿರುಗುತ್ತಾರೆ. ಶಾಸನಗಳು ಬಂದಣಿಕೆ ಎಂದೂ ಬಾಂಧವಪುರ ಎಂದೂ ಕರೆದ ಈ ಊರು ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತರ ಮುಖ್ಯ ಪಟ್ಟಣ. ಇಲ್ಲಿಯ ಶಾಸನವೊಂದು ಹತ್ತನೆಯ ಶತಮಾನದ ಆರಂಭದ ಒಂದು ಸಂಗತಿಯನ್ನು ಹೇಳುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಜಾಗಕ್ಕೆ ಅರಸ ಅವನ ಹೆಂಡತಿ ಜಕ್ಕಿಯಬ್ಬೆಯನ್ನೇ ನೇಮಿಸಿದ. ಅವಳು ಎಪ್ಪತ್ತು ಹಳ್ಳಿಗಳ ಆಡಳಿತ ನಡೆಸಿದಳು. ಕಾಯಿಲೆ ದೇಹವನ್ನು ಹಿಡಿದಾಗ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತ ಕೈಗೊಂಡಳು.

ಗಂಡಸರಿಗೇ ಮೀಸಲೆಂದು ಎಲ್ಲರೂ ತಿಳಿದಿದ್ದ ಒಂದು ಸ್ಥಾನಕ್ಕೆ ಯಾರೂ ನೆನೆಯದ ಒಬ್ಬಳು ಬಂದು ಕೂತಳು. ಆ ಸ್ಥಾನ ಕುಗ್ಗಲಿಲ್ಲ. ಅದಕ್ಕೆ ಬೇಕಾದದ್ದು ಗಂಡಸುತನ ಅಲ್ಲ, ಆಳುವ ಸಾಮರ್ಥ್ಯ ಎಂಬುದು ಆಗ ಊರಿಗೆ ಗೊತ್ತಾಯಿತು. ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಸಿನಿಮಾದ ಪ್ರಶ್ನೆಯೊಂದು ನೆನಪಾಗುತ್ತದೆ. ನಮಗೆ ಚಿರಪರಿಚಿತವಾದ ಚಿತ್ರದ ಪಾತ್ರವನ್ನು ಬೇರೊಬ್ಬರು ಮಾಡಿದ್ದರೆ ಹೇಗಿರುತ್ತಿತ್ತು? ಬಸ್ಸಿನಲ್ಲಿ, ಕಟ್ಟೆಯ ಮೇಲೆ, ಮದುವೆ ಮನೆಯ ಜಗಲಿಯಲ್ಲಿ ಈ ಮಾತು ಸದಾ ನಡೆಯುತ್ತದೆ. ಹೊತ್ತು ಕಳೆಯುವ ಆಟವೆಂದು ಅದನ್ನು ತಳ್ಳಿಹಾಕುತ್ತೇವೆ. ನನಗೆ ಅದು ಗಂಭೀರವಾದ ಪ್ರಶ್ನೆ. ಒಂದು ಪಾತ್ರದಲ್ಲಿ ಬರೆದವರದೆಷ್ಟು, ನಟರದೆಷ್ಟು, ನೋಡುವ ನಮ್ಮದೆಷ್ಟು ಎಂದು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕನ್ನಡ ಚಿತ್ರಗಳಲ್ಲಿ ಈ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಆಟದಲ್ಲಿ ಪಾತ್ರ ಪ್ರಸಂಗದ್ದು

ಸೊರಬ, ಸಾಗರ, ಸಿದ್ದಾಪುರದ ಕಡೆ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದವರು ಮತ್ತೊಂದು ಮೇಳದಲ್ಲಿ ಅದೇ ಪ್ರಸಂಗ ಇದ್ದರೆ ಅಲ್ಲಿಗೂ ಹೋಗುತ್ತಿದ್ದರು. ಮಾರನೆಯ ದಿನ ಅಡಿಕೆ ಸುಲಿಯುತ್ತಾ ಎರಡು ಕೀಚಕರನ್ನೂ ತೂಗಿ ನೋಡುತ್ತಿದ್ದರು. ಪ್ರವೇಶದ ಕುಣಿತ ಒಬ್ಬರದು ಚೆನ್ನ, ಸೈರಂಧ್ರಿಯ ಎದುರು ಬಂದಾಗಿನ ಮಾತು ಇನ್ನೊಬ್ಬರದು ಚೆನ್ನ. ಇದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ಕೀಚಕ ಪ್ರಸಂಗಕ್ಕೆ ಸೇರಿದವನು, ಕಲಾವಿದರು ಒಂದು ರಾತ್ರಿಯ ಮಟ್ಟಿಗೆ ಅವನ ವೇಷ ಕಟ್ಟುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಧುನಿಕ ರಂಗಭೂಮಿಯಲ್ಲೂ ಹೀಗೆಯೇ. ಗಿರೀಶ ಕಾರ್ನಾಡರ ತುಘಲಕ್ ಎಂದರೆ ಕನ್ನಡದ ಒಂದು ತಲೆಮಾರಿಗೆ ಸಿ.ಆರ್. ಸಿಂಹ. ದೆಹಲಿಯಲ್ಲಿ ಹಿಂದಿ ಪ್ರಯೋಗ ನೋಡಿದವರಿಗೆ ಮನೋಹರ್ ಸಿಂಗ್. ಆಮೇಲೆ ಇನ್ನೂ ಎಷ್ಟೋ ಊರುಗಳಲ್ಲಿ, ಕಾಲೇಜುಗಳಲ್ಲಿ ಎಷ್ಟೋ ಮಂದಿ ಆ ಸುಲ್ತಾನನಾದರು. ಪ್ರತಿಯೊಬ್ಬರೂ ನಾಟಕದ ಬೇರೊಂದು ಮುಖವನ್ನು ತೋರಿಸಿದರು, ನಾಟಕ ಬೆಳೆಯಿತು.

ಸಿನಿಮಾ ಈ ರೂಢಿಯನ್ನು ಮುರಿಯಿತು. ಒಂದು ರಾತ್ರಿಯ ವೇಷ ಇಲ್ಲಿ ಶಾಶ್ವತವಾಗುತ್ತದೆ. ಐವತ್ತು ವರ್ಷ ಕಳೆದರೂ ಅದೇ ಮುಖ, ಅದೇ ನೋಟ, ಅದೇ ದನಿ. ಮೊಮ್ಮಕ್ಕಳೂ ಅದನ್ನೇ ನೋಡುತ್ತಾರೆ. ಹಾಗಾಗಿ ಪಾತ್ರಕ್ಕೂ ನಟರಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಆ ಗೆರೆಯನ್ನು ಮತ್ತೆ ಎಳೆದು ನೋಡಲು ನಮಗಿರುವ ಸಾಧನ ಎರಡೇ: ಒಂದು ಕಲ್ಪನೆ, ಇನ್ನೊಂದು ಮರುಚಿತ್ರಣ.

ನಿಜವಾಗಿ ನಡೆದ ಪ್ರಯೋಗಗಳು

ಕಲ್ಪನೆಗೆ ಮೊದಲು ಮರುಚಿತ್ರಣಗಳನ್ನು ನೋಡೋಣ. ಒಂದೇ ಕತೆ, ಒಂದೇ ಪಾತ್ರ, ಬೇರೆ ನಟರು ಎಂಬ ಪ್ರಯೋಗ ಅಲ್ಲಿ ನಿಜವಾಗಿಯೂ ನಡೆದಿದೆ. ಯಾವ ಪಾತ್ರ ಮೊದಲು ಯಾರ ಬಳಿಗೆ ಹೋಗಿತ್ತು, ಯಾರು ಒಲ್ಲೆ ಎಂದರು ಎಂಬ ಗಾಂಧಿನಗರದ ಕತೆಗಳನ್ನು ನಾನು ಬದಿಗಿಟ್ಟಿದ್ದೇನೆ. ಹೇಳುವವರು ಬದಲಾದಂತೆ ಅವೂ ಬದಲಾಗುತ್ತವೆ. ತೆರೆಗೆ ಬಂದ ಚಿತ್ರಗಳು ಹಾಗೆ ಬದಲಾಗುವುದಿಲ್ಲ.

ಮೊದಲ ಉದಾಹರಣೆ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಚಿತ್ರ. ಚಿತ್ರದುರ್ಗದ ಕೋಟೆಯ ಹಿನ್ನೆಲೆ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್, ರಾಮಾಚಾರಿಯಾಗಿ 22 ವರ್ಷದ ವಿಷ್ಣುವರ್ಧನ್. ಎರಡೇ ವರ್ಷದಲ್ಲಿ ಆ ರಾಮಾಚಾರಿ ಮೂರು ಭಾಷೆಗಳಿಗೆ ಹೋದ. ತೆಲುಗಿನ 'ಕೋಡೆನಾಗು'ವಿನಲ್ಲಿ ಶೋಭನ್ ಬಾಬು, ತಮಿಳಿನ 'ರಾಜ ನಾಗಂ'ನಲ್ಲಿ ಶ್ರೀಕಾಂತ್, ಹಿಂದಿಯ 'ಜಹರೀಲಾ ಇನ್ಸಾನ್'ನಲ್ಲಿ ರಿಷಿ ಕಪೂರ್. ಹಿಂದಿ ಚಿತ್ರವನ್ನು ನಿರ್ದೇಶಿಸಿದವರೂ ಪುಟ್ಟಣ್ಣನವರೇ. ನಿರ್ದೇಶಕರು ಅವರೇ, ಕತೆ ಅದೇ. ಆದರೂ ಹಿಂದಿಯಲ್ಲಿ ಅದು ಕೈಹಿಡಿಯಲಿಲ್ಲ.

ಏಕೆ? ರಿಷಿ ಕಪೂರ್ ದುರ್ಬಲ ನಟರೆಂದೇನಲ್ಲ. ಹಿಂದಿನ ವರ್ಷವಷ್ಟೇ 'ಬಾಬಿ' ಬಂದಿತ್ತು. ನೋಡುವವರು ಅವರ ಮುಖದಲ್ಲಿ ಒಬ್ಬ ಪ್ರೇಮಿಯನ್ನು ಆಗಲೇ ಕಂಡಾಗಿತ್ತು. ವಿಷ್ಣುವರ್ಧನ್ ಅವರ ಮುಖದ ಮೇಲೆ ಮುಂಚಿನ ಯಾವ ಪಾತ್ರದ ನೆರಳೂ ಇರಲಿಲ್ಲ. ದುರ್ಗದ ಬಂಡೆಗಳ ನಡುವಿನಿಂದ ಎದ್ದುಬಂದ ಹುಡುಗನೆಂದು ಜನ ನಂಬಿದರು. ರಾಮಾಚಾರಿಯ ಒಂದು ಭಾಗ ವಿಷ್ಣು ಅವರ ಅಭಿನಯ. ಇನ್ನೊಂದು ಭಾಗ, ಅವರು ಯಾರೆಂದು ಯಾರಿಗೂ ಗೊತ್ತಿಲ್ಲದಿದ್ದ ಆ ಕ್ಷಣದ ಭಾಗ್ಯ. ತ.ರಾ.ಸು. ಅವರಿಗೆ ಚಿತ್ರದ ಬಗ್ಗೆ ಅಸಮಾಧಾನವಿತ್ತು, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಅವರು ನೊಂದುಕೊಂಡದ್ದು ಹೆಸರಾದ ಸಂಗತಿ. ಅಂದರೆ ಬರೆದವರ ಮನಸ್ಸಿನಲ್ಲಿ ಇನ್ನೊಬ್ಬ ರಾಮಾಚಾರಿ ಇದ್ದ. ಅವನನ್ನು ನಾವು ತೆರೆಯ ಮೇಲೆ ಇನ್ನೂ ಕಂಡಿಲ್ಲ.

ಎರಡನೆಯದು 'ಕಸ್ತೂರಿ ನಿವಾಸ'. ಜಿ. ಬಾಲಸುಬ್ರಮಣ್ಯಂ ಈ ಕತೆ ಬರೆದದ್ದು ಶಿವಾಜಿ ಗಣೇಶನ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದು ಮೊದಲು ಚಿತ್ರವಾದದ್ದು ಕನ್ನಡದಲ್ಲಿ, 1971ರಲ್ಲಿ, ದೊರೆ-ಭಗವಾನ್ ನಿರ್ದೇಶನದಲ್ಲಿ, ರಾಜ್‌ಕುಮಾರ್ ಅವರಿಂದ. ಆಮೇಲೆ 1974ರಲ್ಲಿ ಹಿಂದಿಯ 'ಶಾನ್‌ದಾರ್'ನಲ್ಲಿ ಸಂಜೀವ್ ಕುಮಾರ್ ಆ ಪಾತ್ರ ಮಾಡಿದರು. ಕೊನೆಗೆ 1975ರಲ್ಲಿ 'ಅವನ್ ದಾನ್ ಮನಿದನ್' ಚಿತ್ರದಲ್ಲಿ ಅದು ಶಿವಾಜಿಯವರನ್ನು ತಲುಪಿತು. ಬೇರೊಬ್ಬರಿಗಾಗಿ ಹೊಲಿದ ಅಂಗಿ ಮೊದಲು ಇನ್ನೊಬ್ಬರ ಮೈಗೆ ಕೂತು, ಅಲ್ಲಿಯೇ ಅದರ ಅಳತೆ ನಿಶ್ಚಯವಾಯಿತು.

ಕೊಟ್ಟು ಕೊಟ್ಟು ಬರಿಗೈಯಾಗುವ ಶ್ರೀಮಂತನ ಕತೆ ಅದು. ಶಿವಾಜಿ ಶೈಲಿಯ ಬಲವೆಂದರೆ ದುಃಖವನ್ನು ಪೂರ್ತಿಯಾಗಿ ಹೊರಗೆ ಹಾಕಿ ನೋಡುವವರನ್ನು ನಡುಗಿಸುವುದು. ರಾಜ್‌ಕುಮಾರ್ ಆ ಪಾತ್ರದಲ್ಲಿ ದುಃಖವನ್ನು ಒಳಗೆ ಇಟ್ಟುಕೊಂಡರು. ಇಲ್ಲ ಎನ್ನಲಾರದವನ ಸಂಕೋಚವನ್ನೇ ಅಭಿನಯಿಸಿದರು. ಮನೆಗೆ ಬಂದವಳು ಮಗುವಿಗಾಗಿ ಪಾರಿವಾಳ ಕೇಳುವ ಹೊತ್ತಿಗೆ, ಅದೇ ಪಾರಿವಾಳ ಅವಳಿಗೆ ಬಡಿಸಿದ ಊಟವಾಗಿಹೋಗಿರುತ್ತದೆ. ಅಲ್ಲಿ ಕೂಗಿ ಅತ್ತರೆ ಒಂದು ಪರಿಣಾಮ, ಅಳಲಾರದೆ ನಿಂತರೆ ಇನ್ನೊಂದು. ಮರುಚಿತ್ರಣಗಳಿದ್ದುದರಿಂದಲೇ ರಾಜ್‌ಕುಮಾರ್ ಅವರ ಮೌನ ಬರಹದಲ್ಲಿ ಇದ್ದದ್ದಲ್ಲ, ಅವರೇ ತಂದದ್ದು ಎಂದು ಗೊತ್ತಾಗುತ್ತದೆ. ಹೋಲಿಕೆ ಅವರನ್ನು ಚಿಕ್ಕವರನ್ನಾಗಿಸಲಿಲ್ಲ. ಅವರ ಪಾಲು ಎಷ್ಟೆಂದು ಸ್ಪಷ್ಟವಾಗಿ ತೋರಿಸಿತು.

ಮೂರನೆಯದು ನಾಗವಲ್ಲಿ. ಮಲಯಾಳದ 'ಮಣಿಚಿತ್ರತಾಳ್' (1993) ಚಿತ್ರದಲ್ಲಿ ಶೋಭನಾ, ಕನ್ನಡದ 'ಆಪ್ತಮಿತ್ರ'ದಲ್ಲಿ (2004) ಸೌಂದರ್ಯ, ತಮಿಳಿನ 'ಚಂದ್ರಮುಖಿ'ಯಲ್ಲಿ (2005) ಜ್ಯೋತಿಕಾ, ಹಿಂದಿಯ 'ಭೂಲ್ ಭುಲೈಯಾ'ದಲ್ಲಿ (2007) ವಿದ್ಯಾ ಬಾಲನ್. ತನ್ನದಲ್ಲದ ಊರಿನ, ತನ್ನದಲ್ಲದ ಭಾಷೆಯ ನರ್ತಕಿಯೊಬ್ಬಳು ಮನೆಯ ಹೆಣ್ಣುಮಗಳೊಳಗೆ ಹೊಕ್ಕು ಮಾತಾಡುವುದು ಈ ಪಾತ್ರದ ತಿರುಳು. ಶೋಭನಾ ಭರತನಾಟ್ಯದ ಶಿಸ್ತಿನಿಂದ ಅದನ್ನು ಹಿಡಿದರು, ರಾಷ್ಟ್ರಪ್ರಶಸ್ತಿ ಪಡೆದರು. ಸೌಂದರ್ಯ ಅವರಿಗೆ ಬೇರೊಂದು ಅನುಕೂಲವಿತ್ತು. ಅವರು ಕನ್ನಡದ ಮಗಳು, ತೆಲುಗಿನ ದೊಡ್ಡ ತಾರೆ. ಕನ್ನಡದ ಗೃಹಿಣಿಯೊಳಗಿಂದ ತೆಲುಗು ನರ್ತಕಿ ಎದ್ದಾಗ ಎರಡು ನುಡಿಗಳೂ ಅವರ ಬಾಯಲ್ಲಿ ಸಹಜವಾಗಿ ಹೊರಳಿದವು. ಚಿತ್ರ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಳೆದುಕೊಂಡ ನೋವಿನಲ್ಲೇ ಜನ ಆ ಚಿತ್ರ ನೋಡಿದರು. ಆ ನೋವು ಚಿತ್ರಕಥೆಯಲ್ಲಿ ಇರಲಿಲ್ಲ, ನಾವು ಸೇರಿಸಿದ್ದು. ಕನ್ನಡಿಗರು ಬೇರೆ ನಾಗವಲ್ಲಿಯನ್ನು ಒಪ್ಪಲು ಹಿಂಜರಿಯುವುದರ ಹಿಂದೆ ಈ ನೆನಪಿನ ಪಾಲೂ ಇದೆ.

ತಾಳಗುಂದದ ಮಯೂರ

ಇನ್ನು ಕಲ್ಪನೆಗೆ ಬರೋಣ. ಅದಕ್ಕೆ ಈ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಎದುರಿನ ಕಂಬದ ಮೇಲೆ ಕದಂಬರ ಮೂಲದ ಕತೆ ಇದೆ. ಐದನೆಯ ಶತಮಾನದ ನಡುವೆ, ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನದಿಂದ ಕುದಿದು, ದರ್ಭೆ, ಸಮಿತ್ತು, ಹವಿಸ್ಸಿನ ಸೌಟು ಹಿಡಿದು ಪಳಗಿದ್ದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡಿನಲ್ಲಿದ್ದು ಪಲ್ಲವರನ್ನು ಕಾಡಿದ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿದರು. ಇದು ನಡೆದದ್ದು ಸುಮಾರು 345ರ ಹೊತ್ತಿಗೆ ಎಂದು ಇತಿಹಾಸಕಾರರು ಎಣಿಸುತ್ತಾರೆ.

ಕನ್ನಡಿಗರಲ್ಲಿ ಹೆಚ್ಚಿನವರು ಈ ಕಂಬವನ್ನು ಓದಿ ಮಯೂರನನ್ನು ತಿಳಿದವರಲ್ಲ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ, ಅದಕ್ಕಿಂತ ಹೆಚ್ಚಾಗಿ 1975ರಲ್ಲಿ ವಿಜಯ್ ನಿರ್ದೇಶಿಸಿದ 'ಮಯೂರ' ಚಿತ್ರದಿಂದ ತಿಳಿದವರು. ಕಂಬದ ಮುಂದೆ ನಿಂತಾಗ ನನ್ನ ಕಣ್ಣ ಮುಂದೆ ಬರುವುದೂ ರಾಜ್‌ಕುಮಾರ್ ಅವರೇ. ಆ ಚಿತ್ರ ಬರುವಾಗ ಅವರಿಗೆ 46ರ ಆಸುಪಾಸು. ಶಾಸನದ ಮಯೂರಶರ್ಮನೋ ಇನ್ನೂ ವಿದ್ಯಾರ್ಥಿ.

ಈಗ ಬೇರೊಬ್ಬರನ್ನು ಅಲ್ಲಿಡೋಣ. 1975ರಲ್ಲಿ ವಿಷ್ಣುವರ್ಧನ್ ಅವರಿಗೆ 25 ವರ್ಷ. ಮೂರು ವರ್ಷದ ಹಿಂದೆ ಅವರು ಮಾಡಿದ ರಾಮಾಚಾರಿಯೂ ಒಬ್ಬ ವಿದ್ಯಾರ್ಥಿಯೇ. ಅವನಿಗೂ ಒಬ್ಬ ಗುರು, ಅವನಿಗೂ ಒಂದು ಅವಮಾನ, ಅವನಿಗೂ ತಡೆಯಲಾರದ ಸಿಟ್ಟು. ಇನ್ನೊಂದು ನಂಟೂ ಇದೆ. ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಇರುವುದು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ರಾಮಾಚಾರಿಯ ಊರಿನಲ್ಲೇ. ಸಾವಿರದ ಆರುನೂರು ವರ್ಷಗಳ ಅಂತರದಲ್ಲಿ ಒಂದೇ ಬಂಡೆಯ ನಾಡಿನಲ್ಲಿ ಹೆಜ್ಜೆ ಇಟ್ಟ ಇಬ್ಬರು ಸಿಟ್ಟಿನ ಹುಡುಗರು.

ವಿಷ್ಣುವರ್ಧನ್ ಮಯೂರನಾಗಿದ್ದರೆ ಏನು ಸಿಗುತ್ತಿತ್ತು? ಕಂಚಿಯ ಬೀದಿಯ ಆ ಜಗಳ ಸಿಗುತ್ತಿತ್ತು. ಪಾಠದ ಹುಡುಗ ಒಂದು ಕ್ಷಣದಲ್ಲಿ ಪುಸ್ತಕ ಬಿಟ್ಟು ಕತ್ತಿ ಹಿಡಿಯುವ ಆ ಉರಿ, ಮುಂದೇನು ಎಂದು ಗೊತ್ತಿಲ್ಲದ ಆ ಭಯ ಸಿಗುತ್ತಿತ್ತು. ಏನು ಕಳೆದುಹೋಗುತ್ತಿತ್ತು? ಕೊನೆಯ ಭಾಗದ ರಾಜಗಾಂಭೀರ್ಯ. ಪ್ರಜೆಗಳ ಎದುರು ನಿಂತು ಮಾತಾಡುವಾಗ ಇಡೀ ನಾಡೇ ತನ್ನದೆಂಬ ಆ ತೂಕ. ಅದನ್ನು ರಾಜ್‌ಕುಮಾರ್ ಅವರಷ್ಟು ಸುಲಭವಾಗಿ ಆ ದಿನಗಳಲ್ಲಿ ಇನ್ಯಾರೂ ಹೊರುತ್ತಿರಲಿಲ್ಲ.

ಇಲ್ಲಿಯೇ ಈ ಕಲ್ಪನೆ ನನಗೆ ಅತಿ ಮುಖ್ಯವಾದ ಸಂಗತಿಯೊಂದನ್ನು ಕಲಿಸಿತು. ಚಿತ್ರದಲ್ಲಿ ಮಯೂರ ತನ್ನನ್ನು ಬ್ರಾಹ್ಮಣ ಯುವಕನೆಂದೇ ತಿಳಿದಿರುತ್ತಾನೆ, ತಾನು ಕದಂಬ ರಾಜವಂಶದವನು ಎಂಬುದು ಅವನಿಗೆ ಆಮೇಲೆ ಗೊತ್ತಾಗುತ್ತದೆ. ಶಾಸನದಲ್ಲಿ ಹಾಗಿಲ್ಲ. ಅವನಿಗಿಂತ ಮುಂಚೆ ಅವನ ಮನೆತನದಲ್ಲಿ ರಾಜರೇ ಇಲ್ಲ, ಮನೆಯ ಬಳಿಯ ಕದಂಬ ಮರದಿಂದ ಆ ಮನೆತನಕ್ಕೆ ಹೆಸರು. ರಾಜ್‌ಕುಮಾರ್ ಮೊದಲ ದೃಶ್ಯದಲ್ಲಿ ಕಂಡಾಗಲೇ ನಮಗೆ ಒಳಗಿನ ರಾಜ ಕಾಣುತ್ತಾನೆ. ಹಾಗಾಗಿ ಹುಟ್ಟಿನಿಂದಲೇ ಅವನು ರಾಜಕುಮಾರ ಎಂಬ ಕತೆ ಅವರಿಗೆ ಹೇಳಿ ಮಾಡಿಸಿದಂತಿದೆ. ಇಪ್ಪತ್ತೈದರ ಹುಡುಗನನ್ನು ಅಲ್ಲಿ ನಿಲ್ಲಿಸಿದರೆ ಶಾಸನದ ಕತೆಯೇ ಹೆಚ್ಚು ಒಪ್ಪುತ್ತದೆ: ಹುಟ್ಟಿನಿಂದ ರಾಜನಲ್ಲದವನು ಅವಮಾನದಿಂದ, ಛಲದಿಂದ ರಾಜನಾದ. ನಟರನ್ನು ಬದಲಿಸಿದೆವು ಎಂದುಕೊಳ್ಳುತ್ತೇವೆ, ಬದಲಾಗುವುದು ಕತೆಯ ಅರ್ಥವೇ. ರಾಜತನ ರಕ್ತದಿಂದ ಬರುತ್ತದೆಯೋ ಕೈಯಿಂದ ಬರುತ್ತದೆಯೋ ಎಂಬಷ್ಟು ದೊಡ್ಡ ಪ್ರಶ್ನೆ ಮುಖದ ಆಯ್ಕೆಯೊಳಗೆ ಅಡಗಿ ಕೂತಿರುತ್ತದೆ.

ರಾಜ್‌ಕುಮಾರ್ ಕನ್ನಡಿಗರ ಚರಿತ್ರೆಯ ಬಹುಪಾಲಿಗೆ ಮುಖ ಕೊಟ್ಟವರು. ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ, ಕೃಷ್ಣದೇವರಾಯ, ಮಯೂರ. ಕನಕದಾಸ, ಪುರಂದರದಾಸ, ಕಬೀರ, ಕಾಳಿದಾಸ. ಓದುಬರಹ ಕಲಿಯದ ಲಕ್ಷಾಂತರ ಜನ ತಮ್ಮ ನಾಡಿನ ಹಿರಿಯರನ್ನು ಅವರ ಮೂಲಕವೇ ಕಂಡರು. ಅದು ಋಣ, ಅದನ್ನು ಮರೆಯಬಾರದು. ಆದರೆ ಸಾವಿರಕ್ಕೂ ಹೆಚ್ಚು ವರ್ಷದ ಬೇರೆ ಬೇರೆ ಸ್ವಭಾವದ ಮನುಷ್ಯರು ಒಂದೇ ಮುಖದಲ್ಲಿ ಸೇರಿಹೋದರೆ, ಅವರ ನಡುವಿನ ವ್ಯತ್ಯಾಸ ನಮಗೆ ಕಾಣದೇ ಹೋಗುತ್ತದೆ. ಋಣವನ್ನು ಒಪ್ಪಿಕೊಂಡೇ ಈ ಮಾತು ಹೇಳಬೇಕಾಗಿದೆ.

ನಾಯಕನ ವಯಸ್ಸು, ನಾಯಕಿಯ ವಯಸ್ಸು

ವಯಸ್ಸಿನ ಮಾತು ಬಂದದ್ದರಿಂದ ಇನ್ನೊಂದು ಹೋಲಿಕೆ. ಬಿ.ಆರ್. ಪಂತುಲು 1961ರಲ್ಲಿ 'ಕಿತ್ತೂರು ಚೆನ್ನಮ್ಮ' ಚಿತ್ರ ತೆಗೆದಾಗ ಚೆನ್ನಮ್ಮನಾದ ಬಿ. ಸರೋಜಾದೇವಿಯವರಿಗೆ 23 ವರ್ಷ. ಚೆನ್ನಮ್ಮ 1778ರಲ್ಲಿ ಹುಟ್ಟಿದಳೆಂಬ ಲೆಕ್ಕ ಹಿಡಿದರೆ 1824ರ ಯುದ್ಧದ ಹೊತ್ತಿಗೆ ಅವಳಿಗೆ 46. ಅಂದರೆ 46ರ ನಾಯಕ ಇಪ್ಪತ್ತರ ಹುಡುಗನಾಗಬಹುದು, 46ರ ರಾಣಿಯಾಗಲು ಮಾತ್ರ 23ರ ನಾಯಕಿಯೇ ಬೇಕು. ಸರೋಜಾದೇವಿಯವರು ಆ ಪಾತ್ರಕ್ಕೆ ಕೊಟ್ಟ ಕಳೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಅದೇ ಕಾಲದ ನಡುವಯಸ್ಸಿನ ಕಲಾವಿದೆಯೊಬ್ಬರನ್ನು ಅಲ್ಲಿ ಊಹಿಸಿದರೆ, ಗಂಡನನ್ನೂ ಮಗನನ್ನೂ ಕಳೆದುಕೊಂಡು ದತ್ತುಮಗನ ಹಕ್ಕಿಗಾಗಿ ಕತ್ತಿ ಹಿಡಿದ ಹೆಂಗಸಿನ ದಣಿವೂ ದೃಢತೆಯೂ ಎದ್ದು ಕಾಣುತ್ತಿತ್ತು. 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ಐವತ್ತರ ಜಯಪ್ರದಾ ಚೆನ್ನಮ್ಮನಾದಾಗ ಆ ತೂಕದ ಒಂದು ನೋಟ ಸಿಕ್ಕಿತು. ಆದರೆ ಆ ಹೊತ್ತಿಗೆ ಚಿತ್ರ ರಾಯಣ್ಣನದಾಗಿತ್ತು.

ಬೇರೊಬ್ಬರನ್ನು ಊಹಿಸುವ ಅಭ್ಯಾಸ ಇಲ್ಲಿ ನ್ಯಾಯದ ಪ್ರಶ್ನೆಯಾಗುತ್ತದೆ. ಒಂದು ಪಾತ್ರಕ್ಕೆ ಯಾರ ಹೆಸರು ನಮ್ಮ ತಲೆಗೆ ಬರಲೇ ಇಲ್ಲ, ಯಾಕೆ ಬರಲಿಲ್ಲ ಎಂದು ಕೇಳಿಕೊಂಡರೆ ನಮ್ಮ ರೂಢಿಗಳು ಬಯಲಾಗುತ್ತವೆ.

ಅಪರಿಚಿತ ಮುಖದ ಬಲ

'ಮಯೂರ' ಬಂದ 1975ರಲ್ಲೇ ಬಿ.ವಿ. ಕಾರಂತರ 'ಚೋಮನ ದುಡಿ'ಯೂ ಬಂತು. ಶಿವರಾಮ ಕಾರಂತರ ಚೋಮನಾಗಿ ಎಂ.ವಿ. ವಾಸುದೇವರಾವ್. ಸಾಮಾನ್ಯ ಪ್ರೇಕ್ಷಕನಿಗೆ ಅಷ್ಟಾಗಿ ಪರಿಚಯವಿಲ್ಲದ ಮುಖ, ವರ್ಷಗಳ ರಂಗದ ಅನುಭವ. ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ ಬಂತು. ಆ ಚೋಮನ ಜಾಗದಲ್ಲಿ ಆ ದಿನದ ಯಾವುದಾದರೂ ದೊಡ್ಡ ತಾರೆಯನ್ನು ಇಟ್ಟು ನೋಡಿ. ಒಂದು ತುಂಡು ಭೂಮಿಗಾಗಿ ಬೇಡುವವನಲ್ಲಿ ನಮಗೆ ತಾರೆಯ ತ್ಯಾಗ ಕಾಣುತ್ತದೆ, ಚೋಮನ ಹಸಿವು ಕಾಣುವುದಿಲ್ಲ. ಕೊನೆಯಲ್ಲಿ ಅವನು ಗೆಲ್ಲುತ್ತಾನೆಂಬ ಆಸೆ ನೋಡುಗನ ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ. ಗೆಲ್ಲುವ ದಾರಿಯೇ ಇಲ್ಲದವನ ಕತೆಗೆ ಅದು ದೊಡ್ಡ ಪೆಟ್ಟು. ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'ಯಲ್ಲಿ ಚಾರುಹಾಸನ್ ತಬರನಾದಾಗ ಫಲ ಕೊಟ್ಟದ್ದೂ ಇದೇ ಗುಣ. ಪಟ್ಟಾಭಿರಾಮರೆಡ್ಡಿಯವರ 'ಸಂಸ್ಕಾರ'ದಲ್ಲಿ ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್ ಬಂದಾಗಲೂ ಹೀಗೆಯೇ ಆಯಿತು.

ಪರಿಚಿತ ಮುಖಕ್ಕೆ ಕಾಲದ ಲೆಕ್ಕವೂ ಇದೆ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಮದ್ದಳೆಯ ಕಲಾವಿದ ವೈರಾಗ್ಯಕ್ಕೆ ಹೊರಳಿದ ಕತೆಯನ್ನು ಟಿ.ಎಸ್. ನಾಗಾಭರಣ 'ಅಲ್ಲಮ' ಎಂಬ ಚಿತ್ರವಾಗಿಸಿದರು. 2017ರ ಜನವರಿಯಲ್ಲಿ ತೆರೆಗೆ ಬಂದ ಆ ಚಿತ್ರದ ಸಂಗೀತಕ್ಕಾಗಿ ಬಾಪು ಪದ್ಮನಾಭ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಮನಾದವರು ಧನಂಜಯ. ಮರುವರ್ಷ 'ಟಗರು' ಬಂತು, ಅದರ 'ಡಾಲಿ' ಎಂಬ ಪಾತ್ರ ಅವರ ಹೆಸರಿಗೇ ಅಂಟಿಕೊಂಡಿತು. ಈ ಎರಡು ಚಿತ್ರಗಳ ಅನುಕ್ರಮ ತಿರುಗುಮುರುಗಾಗಿದ್ದರೆ? ಅದೇ ನಟ, ಅದೇ ಅಭಿನಯ, ಆದರೂ ಅಲ್ಲಮನ ಕಣ್ಣಲ್ಲಿ ನೋಡುಗ ಡಾಲಿಯ ಕ್ರೌರ್ಯವನ್ನೇ ಹುಡುಕುತ್ತಿದ್ದ. ನಟ ಬದಲಾಗದಿದ್ದರೂ ಬರಿಯ ವರ್ಷ ಬದಲಾದರೆ ಪಾತ್ರ ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮನೆತನ, ದನಿ, ಯಂತ್ರ

ಪಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮತ್ತೊಂದು ದಾರಿ ಮನೆತನ. ಎಚ್.ಎಲ್.ಎನ್. ಸಿಂಹ ಅವರ 1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ಅವರನ್ನು ನಾಯಕನಾಗಿಸಿದ ಚಿತ್ರ. 34 ವರ್ಷದ ನಂತರ 'ಶಿವ ಮೆಚ್ಚಿದ ಕಣ್ಣಪ್ಪ'ದಲ್ಲಿ ಅವರ ಮಗ ಶಿವರಾಜ್‌ಕುಮಾರ್ ಕಣ್ಣಪ್ಪನಾದರು, ಕಿರಿಯ ಮಗ ಪುನೀತ್ ಕಣ್ಣಪ್ಪನ ಬಾಲ್ಯದ ದಿಣ್ಣನಾದರು, ಶಿವನಾಗಿ ಬಂದವರು ರಾಜ್‌ಕುಮಾರ್. ನಿರ್ದೇಶಿಸಿದವರು 'ಮಯೂರ'ದ ವಿಜಯ್ ಅವರೇ. ಕಣ್ಣು ಕೊಟ್ಟ ಭಕ್ತನೇ ಮುಂದಿನ ತಲೆಮಾರಿನ ಭಕ್ತನಿಗೆ ದೇವರಾಗಿ ಕಂಡದ್ದು ತುಂಬಾ ಅರ್ಥಪೂರ್ಣ. ಪಾತ್ರವನ್ನು ಬಿಟ್ಟುಕೊಡುವುದಕ್ಕೂ ಒಂದು ದೊಡ್ಡತನ ಬೇಕು.

ದನಿಯೂ ಬದಲಾಗುತ್ತದೆ. ಬಹುಕಾಲ ರಾಜ್‌ಕುಮಾರ್ ಅವರ ಹಾಡಿನ ದನಿಯೆಂದರೆ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜ್ ತಾವೇ ಹೆಚ್ಚಾಗಿ ಹಾಡತೊಡಗಿದರು. ಜನ ಎರಡು ದನಿಗಳನ್ನೂ ಒಂದೇ ದೇಹಕ್ಕೆ ಒಪ್ಪಿಕೊಂಡರು. 2021ರಲ್ಲಿ ಪುನೀತ್ ತೀರಿಕೊಂಡ ಮೇಲೆ 'ಜೇಮ್ಸ್' ಚಿತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರ ದನಿಯನ್ನೇ ಜೋಡಿಸಿದ ಪ್ರತಿಯೂ ಬಂತು. ಅದಕ್ಕೂ ಮೊದಲು, 2016ರ ಇನ್ನೊಂದು 'ನಾಗರಹಾವು' ಚಿತ್ರದಲ್ಲಿ, 2009ರಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನ್ ಅವರ ರೂಪವನ್ನು ಗಣಕಯಂತ್ರದಲ್ಲಿ ಮೂಡಿಸಲಾಗಿತ್ತು.

ಪ್ರೀತಿಯಿಂದ ಮಾಡಿದ ಈ ಕೆಲಸಗಳನ್ನು ನಾನು ಗೌರವಿಸುತ್ತೇನೆ. ಆದರೂ ಒಂದು ಎಚ್ಚರ ಬೇಕು. ಇನ್ನು ಮುಂದೆ ಯಾವ ಚಿತ್ರದಲ್ಲಿ ಯಾರ ಮುಖವನ್ನಾದರೂ ಅಂಟಿಸಲು ಯಂತ್ರಕ್ಕೆ ಸಾಧ್ಯವಾಗಬಹುದು. ಹಾಗೆ ಅಂಟಿಸಿದ್ದು ಬೇರೊಬ್ಬರ ಅಭಿನಯ ಆಗುವುದಿಲ್ಲ. ಬೇರೊಬ್ಬರು ಎಂದರೆ ಬೇರೆ ಮುಖ ಮಾತ್ರವಲ್ಲ, ಬೇರೆ ಉಸಿರು, ಬೇರೆ ಬದುಕು, ಆ ಪಾತ್ರದ ಬಗ್ಗೆ ಬೇರೆ ತಿಳಿವಳಿಕೆ. 'ಕಸ್ತೂರಿ ನಿವಾಸ'ದ ಮೌನದ ಮೇಲೆ ಶಿವಾಜಿಯವರ ಮುಖ ಅಂಟಿಸಿದರೆ ಶಿವಾಜಿಯವರ ದುಃಖ ಬರುವುದಿಲ್ಲ.

ಈ ಪ್ರಶ್ನೆಯನ್ನು ಯಾಕೆ ಕೇಳುತ್ತಿರಬೇಕು

ಈ ಕಲ್ಪನೆಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ನಡೆದುಹೋದದ್ದನ್ನು ಹಾಗಿದ್ದರೆ ಹೀಗಿದ್ದರೆ ಎಂದು ಕೆದಕಿ ಫಲವೇನು ಎಂಬುದು. ಮೇಲಿನ ಉದಾಹರಣೆಗಳೇ ಇದಕ್ಕೆ ಉತ್ತರ. ವಿಷ್ಣುವರ್ಧನ್ ಅವರನ್ನು ಮಯೂರನಾಗಿ ಊಹಿಸಿದಾಗಲೇ ಶಾಸನದ ಕತೆಗೂ ಚಿತ್ರದ ಕತೆಗೂ ಇರುವ ಅಂತರ ನನ್ನ ಕಣ್ಣಿಗೆ ಬಿತ್ತು. ಎರಡನೆಯದು ಅಭಿಮಾನಿಗಳ ನೋವು. ತಾವು ಪ್ರೀತಿಸುವ ಮುಖದ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅವರಿಗೆ ಅವಮಾನವೆನಿಸುತ್ತದೆ. ಆ ಪ್ರೀತಿ ನನ್ನದೂ ಹೌದು. ಆದರೆ ಯಕ್ಷಗಾನದ ನೋಡುಗರು ನಮಗೆ ದಾರಿ ತೋರಿಸಿದ್ದಾರೆ. ಇನ್ನೊಬ್ಬರ ಕೀಚಕ ನೋಡಿದ ಮಾತ್ರಕ್ಕೆ ಚಿಟ್ಟಾಣಿಯವರು ಕಡಿಮೆಯಾಗಲಿಲ್ಲ. ಅವರ ಕುಣಿತದಲ್ಲಿ ಇದ್ದದ್ದೇನು ಎಂಬುದು ಹೋಲಿಕೆಯ ನಂತರವೇ ಪೂರ್ತಿ ಅರ್ಥವಾದದ್ದು.

ಬರಹಗಾರರು ಕಲ್ಪಿಸಿದ ಪಾತ್ರ ಒಂದು ಮುಖದಲ್ಲಿ ನಿಂತುಹೋದರೆ ದೊಡ್ಡ ನಷ್ಟವಿಲ್ಲ. ನಿಜವಾಗಿ ಬದುಕಿದ್ದವರ ಮಾತು ಬೇರೆ. ಮಯೂರಶರ್ಮ, ಅಲ್ಲಮ, ಚೆನ್ನಮ್ಮ ಯಾವ ನಟರ ಸ್ವತ್ತೂ ಅಲ್ಲ, ಯಾವ ತಲೆಮಾರಿನ ಸ್ವತ್ತೂ ಅಲ್ಲ. ಬಸವಣ್ಣನವರ ವಿಷಯದಲ್ಲಿ ನಮಗೆ ಆ ಅದೃಷ್ಟ ಸ್ವಲ್ಪ ಸಿಕ್ಕಿದೆ. 1959ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದರು, ರಾಜ್‌ಕುಮಾರ್ ಬಿಜ್ಜಳನಾದರು. 1983ರ 'ಕ್ರಾಂತಿಯೋಗಿ ಬಸವಣ್ಣ'ದಲ್ಲಿ ಅಶೋಕ್ ಬಸವಣ್ಣನಾದರು. ಒಬ್ಬರಲ್ಲಿ ಭಕ್ತಿಯ ಬಸವಣ್ಣ, ಇನ್ನೊಬ್ಬರಲ್ಲಿ ಬಂಡಾಯದ ಬಸವಣ್ಣ. ಎರಡೂ ಇದ್ದುದರಿಂದಲೇ ಮೂರನೆಯ ಬಸವಣ್ಣನಿಗೂ ಜಾಗ ಉಳಿದಿದೆ. ತಾಳಗುಂದದ ಮಯೂರನಿಗೂ ಎರಡನೆಯ ಮುಖವೊಂದು ಬೇಕು. ದರ್ಭೆ ಹಿಡಿದ ಕೈ ನಡುಗುತ್ತಾ ಕತ್ತಿ ಹಿಡಿದ ಆ ಹುಡುಗನನ್ನು ಈ ಕಾಲದ ಯುವಕರು ಒಮ್ಮೆಯಾದರೂ ನೋಡಬೇಕು.

ಕೊನೆಗೆ ಮತ್ತೆ ಬಂದಳಿಕೆಗೆ ಬರುತ್ತೇನೆ. ಮಯೂರನ ಕಂಬದ ಮುಂದೆ ನಿಂತರೆ ನನಗೆ ಒಂದು ಮುಖ ಕಾಣುತ್ತದೆ. ಜಕ್ಕಿಯಬ್ಬೆಯ ಶಾಸನದ ಮುಂದೆ ನಿಂತರೆ ಯಾವ ಮುಖವೂ ಕಾಣುವುದಿಲ್ಲ. ಗಂಡನನ್ನು ಕಳೆದುಕೊಂಡ ದುಃಖದಲ್ಲೇ ಎಪ್ಪತ್ತು ಹಳ್ಳಿಗಳ ಲೆಕ್ಕ ಕೈಗೆತ್ತಿಕೊಂಡವಳು, ಕಾಯಿಲೆ ಬಂದಾಗ ಎಲ್ಲವನ್ನೂ ಬಿಟ್ಟು ಈ ಬಸದಿಗೆ ನಡೆದು ಬಂದವಳು. ಅವಳ ಪಾತ್ರಕ್ಕೆ ಯಾರು ಎಂದು ಕೇಳಿಕೊಂಡಾಗ ಮೊದಲು ನನ್ನ ತಲೆಗೆ ಬಂದವರು ಇಪ್ಪತ್ತೈದರ ಚೆಲುವೆಯರೇ. ಆ ಹೆಸರುಗಳನ್ನು ಒಂದೊಂದಾಗಿ ಬಿಟ್ಟುಬಿಟ್ಟೆ. ಆಮೇಲೆ ಮನಸ್ಸಿನಲ್ಲಿ ನಿಂತದ್ದು ಈ ಸೀಮೆಯ ಹಳ್ಳಿಯ ಹಜಾರದಲ್ಲಿ ಕೂತು ಕಣ್ಣು ಕಿರಿದು ಮಾಡಿ ಭತ್ತದ ಚೀಲ ಎಣಿಸುವ ನಡುವಯಸ್ಸಿನ ಒಬ್ಬ ಹೆಂಗಸು. ಅವಳ ಹಾಗೆ ನಟಿಸಬಲ್ಲವರು ನಮ್ಮಲ್ಲಿ ಇದ್ದಾರೆ. ಅರಸ ಅಂದು ಜಕ್ಕಿಯಬ್ಬೆಯನ್ನು ಕರೆದಂತೆ, ಅವರನ್ನೂ ಯಾರಾದರೂ ಕರೆಯಬೇಕು.